ಅಮ್ಮನ ಒರಳುಕಲ್ಲು ಮತ್ತು ಕೊಚ್ಚಿಯಲ್ಲಿ ನೋಡಿದ ಆ ಕಲ್ಲುಗಳು

ಕರಿಬೇವು, ಬೆಂಗಳೂರು

ಇದು ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಬಸವನಗುಡಿ ಕಡೆ ಇರುವ ನಮ್ಮ ಹಳೇ ಮನೆಯನ್ನು ಒಡೆಸುತ್ತಿದ್ದೇವೆ. ಆ ಜಾಗದಲ್ಲಿ ಫ್ಲ್ಯಾಟ್ ಏಳುತ್ತೆ, ನಮಗೂ ಒಂದು ಬರುತ್ತೆ. ಅದರ ಬಗ್ಗೆ ಏನೂ ತಕರಾರಿಲ್ಲ, ಸೋರುವ ಮನೆಯಲ್ಲಿ ಇದ್ದು ಸಾಕಾಗಿತ್ತು. ಹೋದ ವಾರ ಅಡುಗೆಮನೆಯ ಕೆಂಪು ನೆಲ ಅಗೆದಾಗ ಒರಳುಕಲ್ಲು ಆಚೆ ಬಂತು. ಇಷ್ಟು ವರ್ಷ ನಾನು ಅದರ ಬಾಯಿ ಮಾತ್ರ ನೋಡಿದ್ದೆ. ನೆಲದ ಕೆಳಗೆ ಅಷ್ಟು ದೊಡ್ಡ ಮೈ ಇದೆ ಅಂತ ಗೊತ್ತೇ ಇರಲಿಲ್ಲ. ಮೇಲೆ ನುಣುಪು, ಕೆಳಗೆ ಒರಟೊರಟು. ನಾಲ್ಕು ಜನ ಹಾರೆ ಹಾಕಿ ಉರುಳಿಸಿಕೊಂಡು ಬಂದು ಗೇಟಿನ ಹೊರಗೆ ಹೊಂಗೆಮರದ ಕೆಳಗೆ ಬಿಟ್ಟರು. ಅದನ್ನು ನೋಡಿದ ತಕ್ಷಣ ನನಗೆ ಕೊಚ್ಚಿ ನೆನಪಾಯಿತು.

2013ರ ಜನವರಿಯಲ್ಲಿ ಕೊಚ್ಚಿಗೆ ಹೋಗಿದ್ದೆ. ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಪ್ರದರ್ಶನ ಕೊಚ್ಚಿ-ಮುಜಿರಿಸ್ ಬಿನಾಲೆಯ ಮೊದಲ ವರ್ಷ ಅದು, 12-12-2012ಕ್ಕೆ ಶುರುವಾಗಿತ್ತು. ನಿಜ ಹೇಳಬೇಕೆಂದರೆ ಕಲೆ ನೋಡೋಕೆ ಹೋದವಳಲ್ಲ. ಚೀನೀ ಬಲೆ ನೋಡಿ, ದೋಣಿಯಲ್ಲಿ ಒಂದು ಸುತ್ತು ಹಾಕಿ ಬರೋಣ ಅಂತ ಹೊರಟಿದ್ದು. ಜೊತೆಗಿದ್ದವಳು ಆಸ್ಪಿನ್‌ವಾಲ್ ಹೌಸಿಗೆ ಎಳೆದುಕೊಂಡು ಹೋದಳು. ಫೋರ್ಟ್ ಕೊಚ್ಚಿಯಲ್ಲಿ ನೀರಿಗೆ ಅಂಟಿಕೊಂಡಿರುವ ಹಳೇ ವ್ಯಾಪಾರದ ಆವರಣ ಅದು. ಬ್ರಿಟಿಷರ ಕಾಲದಲ್ಲಿ ಮೆಣಸು, ಕಾಫಿ, ತೆಂಗಿನ ನಾರು ಎಲ್ಲ ಇಲ್ಲಿಂದ ಹಡಗು ಹತ್ತುತ್ತಿತ್ತು.

ಅಲ್ಲಿ ಒರಳುಕಲ್ಲುಗಳಿದ್ದವು. ಒಂದೆರಡಲ್ಲ, ನೂರಕ್ಕೂ ಹೆಚ್ಚು. ಮೊದಲು ಯಾವುದೋ ಕಟ್ಟಡದ ಕೆಲಸಕ್ಕೆ ತಂದು ಹಾಕಿದ ಕಲ್ಲು ಅಂದುಕೊಂಡೆ. ಹತ್ತಿರ ಹೋದರೆ ಎಲ್ಲದರ ನಡುವೆ ಗುಂಡಿ. ಬೋರ್ಡು ಓದಿದೆ. ಶೀಲಾ ಗೌಡ ಮತ್ತು ಕ್ರಿಸ್ಟೋಫ್ ಸ್ಟೋರ್ಜ್, ಕೃತಿಯ ಹೆಸರು 'ಸ್ಟಾಪೋವರ್'. ಬೆಂಗಳೂರಿನ ಬೀದಿಗಳಲ್ಲಿ ಜನ ಬಿಟ್ಟುಹೋದ ಕಲ್ಲುಗಳನ್ನು ಇಲ್ಲಿಯವರೆಗೆ ತಂದಿದ್ದಾರೆ.

ಆಗ ನಾನು ಮಾಡಿದ್ದು ಇಷ್ಟು. ನಮ್ಮ ಮನೆ ಕಲ್ಲು ಹುಡುಕಿದೆ. ಅದು ಇನ್ನೂ ನಮ್ಮ ಅಡುಗೆಮನೆಯಲ್ಲೇ ಇದೆ ಅಂತ ಗೊತ್ತಿದ್ದೂ ಹುಡುಕಿದೆ! ಒಬ್ಬ ಪ್ರವಾಸಿ ಒಂದರ ಮೇಲೆ ಕೂತು ನೀರು ಕುಡಿಯುತ್ತಿದ್ದ. 'ಒರಳ ಮೇಲೆ ಕೂರಬಾರದು, ಏಳಿ' ಅನ್ನೋ ಮಾತು ಬಾಯಿಯವರೆಗೆ ಬಂದಿತ್ತು. ಆಮೇಲೆ ಒಂದು ಕಲ್ಲಿನ ಒಳಗೆ ಕೈ ಹಾಕಿದೆ. ಬಿಸಿಲಿಗೆ ಬೆಚ್ಚಗಿತ್ತು. ಒಂದು ಕಡೆ ಸ್ವಲ್ಪ ಜಾಸ್ತಿ ಸವೆದಿತ್ತು. ಯಾರೋ ವರ್ಷಗಟ್ಟಲೆ ಒಂದೇ ಕಡೆ ಕೂತು ರುಬ್ಬಿದ್ದಾರೆ.

ಅಳು ಬರಲಿಲ್ಲ. ನಾಚಿಕೆ ಆಯಿತು. ಮನೆಯಲ್ಲಿ ಹಳೇ ಸೀರೆಯುಟ್ಟು ಕೆಲಸ ಮಾಡುತ್ತಿದ್ದ ಹೆಂಗಸನ್ನು ಹಾಗೇ ಕರೆದುಕೊಂಡು ಬಂದು ಪರ ಊರಿನ ಬೀದಿಯಲ್ಲಿ ನಿಲ್ಲಿಸಿದ ಹಾಗೆ ಅನ್ನಿಸಿತು. ಅದು ಸರಿಯಾದ ಅನಿಸಿಕೆಯೋ ತಪ್ಪೋ ಇವತ್ತಿಗೂ ಗೊತ್ತಾಗಿಲ್ಲ.

ಎರಡು ಪ್ರಶ್ನೆ. ಅದನ್ನು ನೋಡಿದವರು ಇಲ್ಲಿ ಯಾರಾದರೂ ಇದ್ದೀರಾ, ನಿಮಗೆ ಏನನ್ನಿಸಿತು? ಹೊಂಗೆಮರದ ಕೆಳಗಿರುವ ಈ ಕಲ್ಲನ್ನು ನಾನೀಗ ಏನು ಮಾಡಲಿ?

ಗೊಜ್ಜವಲಕ್ಕಿ, ಮೈಸೂರು

ಓದಿ ಮನಸ್ಸು ತುಂಬಿ ಬಂತು ಮೇಡಂ. ಒರಳಲ್ಲಿ ರುಬ್ಬಿದ ಹಿಟ್ಟಿನ ದೋಸೆ, ಒರಳಲ್ಲಿ ರುಬ್ಬಿದ ಕಾಯಿ ಚಟ್ನಿ… ಆ ರುಚಿ ಈಗ ಎಲ್ಲಿ ಸಿಗುತ್ತೆ ಹೇಳಿ? ನಮ್ಮಜ್ಜಿ ರುಬ್ಬುತ್ತಿದ್ದರೆ ನಾವು ಸುತ್ತ ಕೂತು ಕಥೆ ಕೇಳುತ್ತಿದ್ದೆವು. ಮಿಕ್ಸಿ ಬಂತು, ಕಥೆಯೂ ಹೋಯಿತು. ಕಲ್ಲನ್ನು ದಯವಿಟ್ಟು ಬಿಸಾಡಬೇಡಿ. ಫ್ಲ್ಯಾಟಿನ ಬಾಲ್ಕನಿಯಲ್ಲಿ ಇಟ್ಟು ಒಂದು ತುಳಸಿ ನೆಡಿ.

ನಿಂಬೆಹುಳಿ, ಶಿವಮೊಗ್ಗ

ಗೊಜ್ಜವಲಕ್ಕಿಯವರೇ, ಸುತ್ತ ಕೂತು ಕಥೆ ಕೇಳಿದವರು ನೀವು. ತಿರುಗಿಸಿದವರು ಯಾರು?

ನನಗೀಗ ಅರವತ್ತೆಂಟು. ಮದುವೆಯಾಗಿ ಬಂದಾಗ ಮನೆಯಲ್ಲಿ ಹದಿನಾಲ್ಕು ಜನ. ದೋಸೆ ಅಂದರೆ ನಾಲ್ಕು ಸೇರು ಅಕ್ಕಿ, ಉದ್ದು ಬೇರೆ. ಒಂದೊಂದು ಸಲ ಎರಡು ಗಂಟೆ ಹಿಡಿಯುತ್ತಿತ್ತು. ಒಂದು ಕೈಯಲ್ಲಿ ಗುಂಡು ತಿರುಗಿಸಬೇಕು, ಇನ್ನೊಂದು ಕೈಯಲ್ಲಿ ಹಿಟ್ಟು ಒಳಗೆ ತಳ್ಳಬೇಕು, ಬೆರಳು ಸಿಕ್ಕಿಕೊಳ್ಳದ ಹಾಗೆ ನೋಡಿಕೊಳ್ಳಬೇಕು. ಬಸುರಿಯಲ್ಲೂ ಬಿಡಲಿಲ್ಲ. ರುಬ್ಬಿದರೆ ಹೆರಿಗೆ ಸಲೀಸಾಗುತ್ತೆ ಅಂತ ಅತ್ತೆ ಹೇಳುತ್ತಿದ್ದರು. ಅವರಿಗೆ ಅವರ ಅತ್ತೆ ಹೇಳಿದ್ದರಂತೆ. ಎಲ್ಲರಿಗೂ ಸಲೀಸಾಯಿತೋ ಇಲ್ಲವೋ ಯಾರೂ ಲೆಕ್ಕ ಇಟ್ಟಿರಲಿಲ್ಲ.

ಒರಳಲ್ಲಿ ತಲೆ ಇಟ್ಟ ಮೇಲೆ ಒನಕೆ ಪೆಟ್ಟಿಗೆ ಹೆದರಬಾರದು ಅಂತಾರಲ್ಲ, ಆ ಗಾದೆ ಮಾಡಿದವನು ಒಂದು ದಿನವೂ ರುಬ್ಬಿದವನಲ್ಲ.

ಮಿಕ್ಸಿ ಬಂದ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ನಮಸ್ಕಾರ ಮಾಡಿದ್ದೆ. ಅದು ಗರ್ ಅಂತ ಕಿರುಚುತ್ತಿತ್ತು, ಬಿಸಿಯಾಗುತ್ತಿತ್ತು, ದೋಸೆಗೆ ಸರಿ ಹೋಗುತ್ತಿರಲಿಲ್ಲ, ಎಲ್ಲ ನಿಜ. ಕರೆಂಟು ಹೋದಾಗ ಮತ್ತೆ ಕಲ್ಲಿಗೇ ಹೋಗಬೇಕಿತ್ತು. ಆದರೂ ಆ ಕಲ್ಲಿಗಾಗಿ ಅಳಿ ಅಂತ ಯಾರೂ ನನಗೆ ಹೇಳಬೇಡಿ.

ಕರಿಬೇವು, ನಿಮಗೆ ನಾಚಿಕೆ ಆಯಿತು ಅಂದಿರಿ. ಆ ಕಲ್ಲುಗಳನ್ನು ನೋಡಿದ್ದರೆ ನನಗೆ ಬೆನ್ನು ನೋವು ಬರುತ್ತಿತ್ತು. ನಾನು ಹೇಳೋದು ತಮಾಷೆಗಲ್ಲ.

ಮೂರ್ಕಾಸು, ತುಮಕೂರು

ಬೀದಿಯ ಕಲ್ಲನ್ನು ಲಾರಿಗೆ ಹಾಕಿಕೊಂಡು ಕೊಚ್ಚಿಗೆ ಹೋದರೆ ಕಲೆ. ನಾನು ಹಾಕಿಕೊಂಡು ಹೋದರೆ ಪೊಲೀಸರು ಹಿಡೀತಾರೆ. ಇದರಲ್ಲಿ ಕಲಾವಿದರು ಮಾಡಿದ ಕೆಲಸ ಏನು ಅಂತ ಯಾರಾದರೂ ಸರಳವಾಗಿ ಹೇಳ್ತೀರಾ? ಕೆತ್ತಿದವನು ಬೇರೆ, ರುಬ್ಬಿದವರು ಬೇರೆ, ಹೊತ್ತವರು ಬೇರೆ. ಬೋರ್ಡಿನಲ್ಲಿ ಹೆಸರು ಮಾತ್ರ ಇವರದ್ದು.

ಅಂದಹಾಗೆ ನಮ್ಮ ಕಡೆ 'ಒಳಕಲ್ಲು' ಅಂತೀವಿ, ಒರಳು ಅಲ್ಲ. ಶಿವಗಂಗೆ ಬೆಟ್ಟದ ಮೇಲೆ ಒಳಕಲ್ಲು ತೀರ್ಥ ಇದೆಯಲ್ಲ, ಅದೇ. ಬಂಡೆಯ ತೂತಿನೊಳಗೆ ಕೈ ಹಾಕಿದರೆ ನೀರು ಸಿಕ್ಕವನು ಪುಣ್ಯವಂತ. ನನಗೆ ಮೂರು ಸಲ ಸಿಕ್ಕಿಲ್ಲ.

ಬಣ್ಣದ ಬಕೆಟ್, ಬೆಂಗಳೂರು

ಮೂರ್ಕಾಸು ಸರ್, ನಾನು ಡ್ರಾಯಿಂಗ್ ಮೇಷ್ಟ್ರು. ಈ ಪ್ರಶ್ನೆಯನ್ನು ಮಕ್ಕಳ ತಂದೆ-ತಾಯಂದಿರು ನನಗೆ ವಾರಕ್ಕೊಮ್ಮೆ ಕೇಳುತ್ತಾರೆ. ಸರಳವಾಗಿ ಹೇಳೋಕೆ ಪ್ರಯತ್ನ ಮಾಡ್ತೀನಿ.

ಶೀಲಾ ಗೌಡ ನಮ್ಮವರೇ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತರು, ಆಮೇಲೆ ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್. ಕ್ರಿಸ್ಟೋಫ್ ಸ್ಟೋರ್ಜ್ ಸ್ವಿಟ್ಜರ್ಲೆಂಡ್ ಮೂಲದ ಕಲಾವಿದರು, ಅವರ ಗಂಡ. ಶೀಲಾ ಮೊದಲು ಬಣ್ಣದಲ್ಲಿ ಚಿತ್ರ ಬರೆಯುತ್ತಿದ್ದರು. ತೊಂಬತ್ತರ ದಶಕದಲ್ಲಿ, ದೇಶದಲ್ಲಿ ಗಲಭೆಗಳಾದ ಹೊತ್ತಿನಲ್ಲಿ, ಕ್ಯಾನ್ವಾಸ್ ಬಿಟ್ಟು ಸಗಣಿ ಹಿಡಿದರು. ಸಗಣಿಯ ಇಟ್ಟಿಗೆ ಮಾಡಿ ಸಾಲಾಗಿಟ್ಟು ನಡುವಿನ ಸಂದಿಗೆ ಕುಂಕುಮ ತುಂಬಿದರು. ಸೂಜಿಗಳಿಗೆ ದಾರ ಪೋಣಿಸಿ, ದಾರಕ್ಕೆ ಕುಂಕುಮ ಬಳಿದು, ಕೋಣೆ ತುಂಬ ಹಬ್ಬುವ ಕೆಂಪು ಹಗ್ಗ ಮಾಡಿದರು. ನಮ್ಮ ಲಾರಿ, ಕಾರುಗಳಿಗೆ ದೃಷ್ಟಿ ತಾಗಬಾರದು ಅಂತ ಕರಿ ಕೂದಲ ಹುರಿ ಕಟ್ಟುತ್ತಾರಲ್ಲ, ಅಂಥದ್ದೇ ಹುರಿಯನ್ನು ಸುಮಾರು 4 ಕಿಲೋಮೀಟರ್ ಉದ್ದಕ್ಕೆ ತೆಗೆದುಕೊಂಡು ಕಾರಿನ ಬಂಪರುಗಳನ್ನು ಅದರಲ್ಲಿ ನೇತುಹಾಕಿದರು. ಅದನ್ನು 2009ರಲ್ಲಿ ವೆನಿಸ್ ಬಿನಾಲೆಯಲ್ಲಿ ಇಟ್ಟಿದ್ದರು, ಈಗ ಲಂಡನ್ನಿನ ಟೇಟ್ ಮ್ಯೂಸಿಯಂ ಸಂಗ್ರಹದಲ್ಲಿದೆ. ರಸ್ತೆಗೆ ಹಾಕುವ ಡಾಂಬರಿನ ಡ್ರಮ್ಮುಗಳಿಂದ ಮಾಡಿದ ಕೃತಿಗಳೂ ಇವೆ. ಅಂಥದ್ದೊಂದರ ಹೆಸರೇ 'ಕಾಗೆಬಂಗಾರ'. ಅಭ್ರಕಕ್ಕೆ ನಮ್ಮ ಅಜ್ಜಿಯರು ಹೇಳುತ್ತಿದ್ದ ಮಾತು. ದೊಡ್ಡ ದೊಡ್ಡ ಊರಿನ ಗ್ಯಾಲರಿಗಳಲ್ಲಿ ಜನ ಈ ಪದವನ್ನು ತೊದಲಿಕೊಂಡು ಓದುತ್ತಾರಲ್ಲ ಅನ್ನೋದೇ ನನಗೊಂದು ಖುಷಿ.

ಈಗ ನಿಮ್ಮ ಪ್ರಶ್ನೆ, ಕಲಾವಿದರ ಕೆಲಸ ಏನು ಅಂತ. 1917ರಲ್ಲಿ ಮಾರ್ಸೆಲ್ ದ್ಯುಶಾಂ ಅನ್ನುವವರು ಮೂತ್ರದ ಬೋಗುಣಿಯೊಂದನ್ನು ಪ್ರದರ್ಶನಕ್ಕೆ ಕಳಿಸಿ ಗಲಾಟೆ ಎಬ್ಬಿಸಿದ ಕಥೆ ಗೊತ್ತಿರಬಹುದು. ಎಲ್ಲರೂ ಅಲ್ಲಿಂದ ಶುರು ಮಾಡ್ತಾರೆ. ನನಗೆ ಆ ಹೋಲಿಕೆ ಇಲ್ಲಿ ಸರಿ ಅನ್ನಿಸಲ್ಲ. ಆ ಬೋಗುಣಿ ಅಂಗಡಿಯಿಂದ ತಂದ ಹೊಸ ಮಾಲು. ಯಾರೂ ಬಳಸಿದ್ದಲ್ಲ. ಒರಳುಕಲ್ಲು ಹಾಗಲ್ಲ, ಅದರ ಗುಂಡಿಯಲ್ಲೇ ಬಳಸಿದವರ ಕೈ ಇದೆ. ಕಲಾವಿದರು ಅದಕ್ಕೆ ಏನೂ ಸೇರಿಸಲಿಲ್ಲ, ಬಣ್ಣ ಬಳಿಯಲಿಲ್ಲ, ಕೆತ್ತಲಿಲ್ಲ. ಸುಮ್ಮನೆ ಬಿಡೋದೂ ಒಂದು ಕೆಲಸ ಸರ್, ಬಹಳ ಕಷ್ಟದ್ದು. ಜಾಗ ಮಾತ್ರ ಬದಲಾಯಿಸಿದರು. ಯಾವ ಜಾಗ ನೋಡಿ: ಮಸಾಲೆ ಹಡಗು ಹತ್ತುತ್ತಿದ್ದ ಜಾಗ. ವ್ಯಾಪಾರಿಗಳ ಕಥೆ ಎಲ್ಲ ಪುಸ್ತಕದಲ್ಲೂ ಇದೆ. ಮೆಣಸು, ಕೊತ್ತಂಬರಿ ಕೊನೆಗೆ ಅರೆದದ್ದು ಯಾವ ಕಲ್ಲಿನಲ್ಲಿ, ಯಾರ ಕೈಯಲ್ಲಿ ಅನ್ನೋದು ಇಲ್ಲ.

ಅದೇ ವರ್ಷ ಅಲ್ಲೇ ಸುಬೋಧ್ ಗುಪ್ತ ಅವರ ದೋಣಿಯೂ ಇತ್ತು. ಉದ್ದನೆಯ ಮೀನುಗಾರರ ದೋಣಿಯಲ್ಲಿ ಒಂದು ಸಂಸಾರದ ಸಾಮಾನೆಲ್ಲ ಪೇರಿಸಿದ್ದು. ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಚೆನ್ನಾಗಿತ್ತು. ಆದರೆ ಅದು 'ನನ್ನನ್ನು ನೋಡಿ' ಅನ್ನುತ್ತಿತ್ತು. ಈ ಕಲ್ಲುಗಳು ಹಾಗೆ ಕರೆಯಲಿಲ್ಲ. ಎಷ್ಟೋ ಜನ ಪಕ್ಕದಲ್ಲೇ ದಾಟಿ ಹೋದರು. ನನಗೆ ಅದೇ ಇಷ್ಟವಾಯಿತು.

ಮೂರ್ಕಾಸು, ತುಮಕೂರು

ಮೇಷ್ಟ್ರೇ, 'ಸುಮ್ಮನೆ ಬಿಡೋದೂ ಕೆಲಸ' ಅನ್ನೋದನ್ನು ನಮ್ಮ ಆಫೀಸಿನಲ್ಲಿ ಹೇಳಿ ನೋಡ್ತೀನಿ. 😀

ತಮಾಷೆ ಬಿಟ್ಟರೆ, ಬಳಸಿದ್ದು-ಬಳಸದ್ದು ಅನ್ನುವ ಮಾತು ಒಪ್ಪಿದೆ. ಬಾಕಿ ಇನ್ನೂ ಯೋಚನೆ ಮಾಡಬೇಕು. ಕೆತ್ತಿದವರ ಮಾತಂತೂ ಹಾಗೇ ಉಳಿಯಿತು.

ಉಳ್ಳಾಗಡ್ಡಿ, ಹುಬ್ಬಳ್ಳಿ

ಆ ಮಾತಿಗೆ ನಾನು ಬರ್ತೀನಿ.

ನಮ್ಮ ಕಡೆ 'ಒಳ್ಳು' ಅಂತೀವಿ. ಕಲ್ಲು ಬಳಸಿ ಬಳಸಿ ನುಣುಪಾದರೆ ಹಿಟ್ಟು ಜಾರುತ್ತೆ, ಅರೆಯೋದಿಲ್ಲ. ಆಗ ಉಳಿಯಿಂದ ಒಳಗೆಲ್ಲ ಸಣ್ಣ ಸಣ್ಣ ಕಚ್ಚು ಹಾಕಿಸಬೇಕು. ಅದಕ್ಕೆ ಅಂತಲೇ ಓಣಿಯೊಳಗೆ ಕೂಗುತ್ತ ಬರೋರು, ಗಂಡ-ಹೆಂಡತಿ ಇಬ್ಬರೂ. ಹೆಗಲಿಗೆ ಒಂದು ಚೀಲ, ಅದರಲ್ಲಿ ಉಳಿ, ಸುತ್ತಿಗೆ. ಅಂಗಳದಲ್ಲಿ ಕೂತು ಟಕ್ ಟಕ್ ಅಂತ ಹೊಡೆದರೆ ಸುತ್ತಲೂ ಕಲ್ಲಿನ ಪುಡಿ. ಆಮೇಲೆ ಒಂದೆರಡು ಸಲ ತೌಡೋ ನುಚ್ಚೋ ಹಾಕಿ ತಿರುಗಿಸಿ ಚೆಲ್ಲಬೇಕು, ಇಲ್ಲದಿದ್ದರೆ ಚಟ್ನಿಯಲ್ಲಿ ಮರಳು. ಅವರಿಗೆ ಕೊಡುತ್ತಿದ್ದದ್ದು ಜೋಳ, ಹಳೇ ಬಟ್ಟೆ, ಮೇಲೊಂದಿಷ್ಟು ಚಿಲ್ಲರೆ.

ಹಾಗಾಗಿ ಕರಿಬೇವು ಅವರೇ, ನೀವು ಕೈ ಹಾಕಿ ನೋಡಿದ ಆ ಗುಂಡಿ ಬರೀ ರುಬ್ಬಿದ ಹೆಂಗಸರ ಸವೆತ ಅಲ್ಲ. ಅದರಲ್ಲಿ ಅರ್ಧ ಉಳಿ ಏಟೂ ಇರುತ್ತೆ. ನಾವು ಸಣ್ಣವರಿದ್ದಾಗ ಬರುತ್ತಿದ್ದ ಆ ಗಂಡ-ಹೆಂಡತಿ ಮಿಕ್ಸಿ ಬಂದ ಮೇಲೆ ಕಾಣಲಿಲ್ಲ. ಎಲ್ಲಿ ಹೋದರು, ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ. ಕಲ್ಲಿಗೆ ಕೊಚ್ಚಿಯಲ್ಲಿ ಜಾಗ ಸಿಕ್ಕಿತು, ಸಂತೋಷ.

ಗಂಜಿ ಊಟ, ಉಡುಪಿ

ನಮ್ಮಲ್ಲಿ ಕಡೆಯುವ ಕಲ್ಲು. ಮೀನಿನ ಮಸಾಲೆಗೆ ತೆಂಗಿನಕಾಯಿ ಕಡೆದು ಕಡೆದು ಅಮ್ಮನ ಅಂಗೈಯಲ್ಲಿ ಮೆಣಸಿನ ಉರಿ ರಾತ್ರಿವರೆಗೂ ಇರುತ್ತಿತ್ತು. ಮಗುವನ್ನು ಎತ್ತಿಕೊಳ್ಳೋಕೂ ಹೆದರುತ್ತಿದ್ದಳು.

ಯಾರೂ ಗುಂಡಪ್ಪನ ಮಾತು ಎತ್ತಲಿಲ್ಲವಲ್ಲ? ಬಯಲುಸೀಮೆಯ ನನ್ನ ಗಂಡನ ಮನೆಯಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಮೊದಲು ರುಬ್ಬುವ ಗುಂಡನ್ನು ತೊಳೆದು, ಬಟ್ಟೆ ಸುತ್ತಿ, ತೊಟ್ಟಿಲಲ್ಲಿ ಮಲಗಿಸಿದರು. ಅದಕ್ಕೆ ಗುಂಡಪ್ಪ ಅಂತ ಹೆಸರು. ನನ್ನ ಮಗನಿಗಿಂತ ಮೊದಲು ಅವನು ತೂಗಿಸಿಕೊಂಡ. ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಅಂತ. ಹಾಗಾಗಿ ಕಲ್ಲನ್ನು ಒಡೆಯೋಕೆ ಯಾರಿಗೂ ಮನಸ್ಸು ಬರಲ್ಲ, ಇಟ್ಟುಕೊಳ್ಳೋಕೆ ಜಾಗ ಇಲ್ಲ. ಅದಕ್ಕೇ ಮರದ ಬುಡದಲ್ಲಿ ಬಿಟ್ಟು ಬರೋದು, ದೇವರ ಹಳೇ ಪಟ ಬಿಡುವ ಹಾಗೆ.

ಚಳಿಗಾಲ, ಲಂಡನ್

ಕೊಚ್ಚಿಯದು ನಾನು ನೋಡಿಲ್ಲ. ಇದನ್ನೆಲ್ಲ ಓದಿದಾಗ ಬೇರೊಂದು ನೆನಪಾಯಿತು.

2012ರಲ್ಲಿ ಇಲ್ಲಿನ ಕಲಾಕೇಂದ್ರ ಬಾರ್ಬಿಕನ್‌ನಲ್ಲಿ ಸಾಂಗ್ ಡಾಂಗ್ ಅನ್ನುವ ಚೀನೀ ಕಲಾವಿದರ 'ವೇಸ್ಟ್ ನಾಟ್' ಇತ್ತು. ಅವರ ತಾಯಿ ಜೀವಮಾನವಿಡೀ ಕೂಡಿಟ್ಟ ಸಾಮಾನುಗಳು, 10,000ಕ್ಕೂ ಹೆಚ್ಚು. ಹಳೇ ಬಕೆಟ್ಟು, ಸೋಪಿನ ಚೂರು, ಬಾಟಲಿ ಮುಚ್ಚಳ, ಟೂತ್‌ಪೇಸ್ಟ್ ಟ್ಯೂಬು, ಮಡಿಸಿಟ್ಟ ಪ್ಲಾಸ್ಟಿಕ್ ಕವರು, ಚಪ್ಪಲಿ. ಎಲ್ಲವನ್ನೂ ವಿಂಗಡಿಸಿ ನೆಲದ ಮೇಲೆ ಒಪ್ಪವಾಗಿ ಜೋಡಿಸಿದ್ದರು. ಬಡತನ ಕಂಡ ತಲೆಮಾರು, ಏನನ್ನೂ ಎಸೆಯುತ್ತಿರಲಿಲ್ಲ. 2002ರಲ್ಲಿ ಗಂಡ ತೀರಿಹೋದ ಮೇಲೆ ಆಕೆಗೆ ಅದು ವಿಪರೀತವಾಯಿತಂತೆ.

ನನಗೆ ಅಲ್ಲಿ ನಿಲ್ಲೋಕಾಗಲಿಲ್ಲ. ದಾವಣಗೆರೆಯಲ್ಲಿ ನಮ್ಮಮ್ಮ ಹಾಲಿನ ಪ್ಯಾಕೆಟ್ ತೊಳೆದು ಟೈಲ್ಸ್‌ಗೆ ಅಂಟಿಸಿ ಒಣಗಿಸುತ್ತಾಳೆ. ಹಾರ್ಲಿಕ್ಸ್ ಬಾಟಲಿ ಮೂವತ್ತಾದರೂ ಇವೆ. ಪ್ರತಿ ಸಲ ಊರಿಗೆ ಹೋದಾಗ ನಾನು ಅವನ್ನು ಎಸೆಯೋದು, ಅವಳು ತಿರುಗಿ ತರೋದು, ಜಗಳ. ಅದೇ ಸಾಮಾನನ್ನು ಇಲ್ಲಿ ಟಿಕೆಟ್ ಇಲ್ಲದ ಹಾಲ್‌ನಲ್ಲಿ ಜನ ತಲೆಬಾಗಿಸಿ ನೋಡುತ್ತಿದ್ದರು. ನನ್ನ ಪಕ್ಕ ಒಬ್ಬ ಹೆಂಗಸು 'ಎಷ್ಟು ಚೆಂದ' ಅಂದಳು. ಚೆಂದವಂತೆ! ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಮಾತ್ರ ಗೊತ್ತಾಗಲಿಲ್ಲ.

ಆದರೆ ಒಂದು ವಿಷಯ ಆಮೇಲೆ ಗೊತ್ತಾಯಿತು. 2005ರಲ್ಲಿ ಬೀಜಿಂಗಿನಲ್ಲಿ ಮೊದಲು ಅದನ್ನು ಮಾಡಿದಾಗ ಮಗ ತಾಯಿಯನ್ನೇ ಕರೆದುಕೊಂಡು ಬಂದು ಜೊತೆಗೆ ಕೂತು ಜೋಡಿಸಿದ್ದ. ಬಂದವರಿಗೆ ಇದು ಯಾವಾಗಿನದು, ಅದು ಯಾರದ್ದು ಅಂತ ಆಕೆಯೇ ಹೇಳುತ್ತಿದ್ದಳಂತೆ. ನನಗೆ ಆ ಕೃತಿಯಲ್ಲಿ ಇಷ್ಟವಾಗಿದ್ದು ಸಾಮಾನಿಗಿಂತ ಇದು.

ಕರಿಬೇವು, ಇಷ್ಟುದ್ದ ಚರ್ಚೆಯಲ್ಲಿ ನಿಮ್ಮಮ್ಮ ಏನಂತಾರೆ ಅಂತ ಎಲ್ಲೂ ಬಂದಿಲ್ಲ. ಇದ್ದಾರಲ್ವಾ? ಅವರನ್ನು ಕೇಳಿದ್ರಾ?

ಗೊಜ್ಜವಲಕ್ಕಿ, ಮೈಸೂರು

ನಿಂಬೆಹುಳಿ ಅಮ್ಮಾ, ನಿಮ್ಮ ಮಾತು ಓದಿದ ಮೇಲೆ ಮನೆಯಲ್ಲಿ ವಿಚಾರಿಸಿದೆ. ಅಜ್ಜಿ ಕಥೆ ಹೇಳುತ್ತಿದ್ದದ್ದು ನಮಗೋಸ್ಕರ ಅಲ್ಲವಂತೆ, ನಿದ್ದೆ ಬರಬಾರದು ಅಂತ. ಬೆಳಗಿನ ಜಾವ ನಾಲ್ಕಕ್ಕೆ ಎದ್ದವರು. ಚಿಕ್ಕಮ್ಮ ಹೇಳಿದರು. ತುಳಸಿಯ ಸಲಹೆ ವಾಪಸ್ ತಗೋತೀನಿ.

ನಿಂಬೆಹುಳಿ, ಶಿವಮೊಗ್ಗ

ವಾಪಸ್ ಯಾಕಪ್ಪ, ತುಳಸಿ ನೆಟ್ಟರೆ ಕಲ್ಲಿಗೂ ವಿಶ್ರಾಂತಿ. ಆದರೆ ಗುಂಡಿ ಕೆಳಗೆ ತೂತಿಲ್ಲ, ನೀರು ನಿಂತು ಬೇರು ಕೊಳೆಯುತ್ತೆ.

ಕರಿಬೇವು, ಬೆಂಗಳೂರು

ನಾಲ್ಕು ದಿನ ಬರೋಕಾಗಲಿಲ್ಲ, ಕ್ಷಮಿಸಿ. ಎಲ್ಲರದ್ದೂ ಓದಿದೆ.

ಚಳಿಗಾಲ, ನೀವು ಕೇಳಿದ್ದು ಚುಚ್ಚಿತು. ಕೇಳಿರಲಿಲ್ಲ. ಅಮ್ಮನಿಗೆ ಎಪ್ಪತ್ತೊಂಬತ್ತು, ಮನೆ ಒಡೆಯೋದು ನೋಡೋದು ಬೇಡ ಅಂತ ತಂಗಿ ಮನೆಗೆ ಕಳಿಸಿದ್ದೆ. ಭಾನುವಾರ ಅಲ್ಲಿಗೆ ಹೋಗಿ ಫೋನಿನಲ್ಲಿ ಎರಡು ಫೋಟೋ ತೋರಿಸಿದೆ. ಒಂದು ಹೊಂಗೆಮರದ ಕೆಳಗಿರುವ ನಮ್ಮ ಕಲ್ಲು. ಇನ್ನೊಂದು ಕೊಚ್ಚಿಯದು.

ಕೊಚ್ಚಿಯ ಫೋಟೋ ನೋಡಿ ಅಮ್ಮ ಮೊದಲು ಕೇಳಿದ್ದು, 'ಇಷ್ಟೊಂದು ಕಲ್ಲಿಗೆ ಗುಂಡು ಎಲ್ಲಿ?' ಅಂತ. ಎರಡನೇದು, 'ಲಾರಿ ಬಾಡಿಗೆ ಯಾರು ಕೊಟ್ಟರು?' ಕಲೆ ಅಂತ ವಿವರಿಸೋಕೆ ಹೋದೆ. ಮೇಷ್ಟ್ರು ಬರೆದದ್ದನ್ನೂ ಓದಿ ಹೇಳಿದೆ. ಸ್ವಲ್ಪ ಹೊತ್ತು ಫೋಟೋನ ಬೆರಳಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದಳು. 'ಇದು ಸಾರಿನ ಪುಡಿಗೆ ಕುಟ್ಟಿದ್ದು, ಇದು ಹಿಟ್ಟಿಗೆ, ಇದನ್ನ ಜಾಸ್ತಿ ಬಳಸೇ ಇಲ್ಲ' ಅಂತ ಒಂದೊಂದಾಗಿ ಹೇಳತೊಡಗಿದಳು. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಹನ್ನೊಂದು ಕಲ್ಲಿನ ಬಗ್ಗೆ ಹೇಳಿದಳು. ನಾನು ಅಲ್ಲಿ ಒಂದು ಗಂಟೆ ಸುತ್ತಿದ್ದೆ, ನನಗೆ ಎಲ್ಲ ಒಂದೇ ಥರ ಕಂಡಿದ್ದವು.

ಆಮೇಲೆ ನಮ್ಮ ಕಲ್ಲು ಏನು ಮಾಡೋಣ ಅಂತ ಕೇಳಿದೆ. 'ಅದು ನಂದಲ್ಲ' ಅಂದಳು. ಅದು ಅತ್ತೆ ಹಾಕಿಸಿದ ಕಲ್ಲು. ಮನೆ ಕಟ್ಟುವಾಗ ನೆಲಕ್ಕೆ ಮೊದಲು ಕಲ್ಲು ಕೂರಿಸಿದ್ದು, ಆಮೇಲೆ ಸುತ್ತ ಕೆಂಪು ಹಾಕಿದ್ದು. ಎಲ್ಲಿ ಕೂರಿಸಬೇಕು ಅಂತ ಅಮ್ಮನನ್ನು ಯಾರೂ ಕೇಳಲಿಲ್ಲ. ಕಿಟಕಿಗೆ ಬೆನ್ನು ಹಾಕಿ ಕೂರುವ ಹಾಗೆ ಕೂರಿಸಿದರು. ಮೂವತ್ತು ವರ್ಷ ಗೋಡೆ ನೋಡಿಕೊಂಡು ರುಬ್ಬಿದೆ ಅಂದಳು. ನಗುತ್ತಲೇ ಅಂದಳು.

ಅದಾದ ಮೇಲೆ ಕೇಳಿದಳು: 'ಸಾಣೆಕಲ್ಲು ಎತ್ತಿಟ್ಟಿದ್ದೀಯಾ?'

ಯಾವ ಸಾಣೆಕಲ್ಲು ಅಂದೆ. ಅಂಗೈಯಷ್ಟಗಲದ ಪುಟ್ಟ ಕಲ್ಲು, ದೇವರ ಮನೆಯ ಗೂಡಿನಲ್ಲಿತ್ತಂತೆ. ನಾವು ಮೂರು ಮಕ್ಕಳಿಗೂ ಅದರಲ್ಲೇ ಬಜೆ ತೇದು ನೆಕ್ಕಿಸಿದ್ದು. ತವರಿನಿಂದ ತಂದದ್ದು. ಅವಳದ್ದು ಅಂತ ಆ ಮನೆಯಲ್ಲಿದ್ದ ಒಂದೇ ಕಲ್ಲು.

ನಾನು ದೇವರ ಮನೆ ಖಾಲಿ ಮಾಡಿದ ದಿನ ಹಿತ್ತಾಳೆ, ಬೆಳ್ಳಿ ತೆಗೆದಿಟ್ಟು ಬಾಕಿ ಚಿಲ್ಲರೆ ಸಾಮಾನೆಲ್ಲ ಒಂದು ಮೂಟೆ ಕಟ್ಟಿ ಹಳೇ ಸಾಮಾನಿನವನಿಗೆ ಕೊಟ್ಟಿದ್ದೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಬಣ್ಣದ ಬಕೆಟ್, ಬೆಂಗಳೂರು

ಅಯ್ಯೋ.

ಹಳೇ ಸಾಮಾನಿನವನ ಅಂಗಡಿ ಎಲ್ಲಿ ಅಂತ ಗೊತ್ತಿದೆಯಾ? ಕಲ್ಲು ಅವನಿಗೆ ಬೇಡ. ತೂಕಕ್ಕೆ ಬರಲ್ಲ. ಪಕ್ಕದಲ್ಲೇ ಎಲ್ಲೋ ಎಸೆದಿರುತ್ತಾನೆ. ಇವತ್ತೇ ಹೋಗಿ.

ಉಳ್ಳಾಗಡ್ಡಿ, ಹುಬ್ಬಳ್ಳಿ

ಹೌದ್ರೀ, ಮೊದಲು ಅಂಗಡಿ ಹಿಂದಿನ ಗಟಾರದ ದಂಡೆ ನೋಡ್ರಿ. ನಮ್ಮಲ್ಲೂ ಹಾಗೇ ಸಿಕ್ಕಿತ್ತು.

ಕಲ್ಲುಸಕ್ಕರೆ, ಬೆಂಗಳೂರು

ವಿಷಯ ಬೇರೆ ಕಡೆ ಹೋಗಿದೆ, ಆದರೂ ಒಂದು ಮಾತು. ನಾನು ಭೂವಿಜ್ಞಾನ ಓದಿದವನು. ಲಾಲ್‌ಬಾಗಿನ ಬಂಡೆಯ ಹತ್ತಿರ ಅದು ಸುಮಾರು 300 ಕೋಟಿ ವರ್ಷ ಹಳೆಯದು ಅಂತ ಫಲಕ ಹಾಕಿದ್ದಾರೆ. ನಮ್ಮ ಸುತ್ತಿನ ಒರಳುಗಳ ಕಲ್ಲೂ ಹೆಚ್ಚುಕಡಿಮೆ ಅದೇ ಪೈಕಿ. ಅಷ್ಟು ಕಾಲ ಬಂಡೆಯಾಗಿದ್ದು, ನಲವತ್ತು ವರ್ಷ ಒರಳಾಗಿ, ಮೂರು ತಿಂಗಳು ಕೊಚ್ಚಿಯಲ್ಲಿ ಕಲೆಯಾಗಿ ಕೂತಿತ್ತು. 'ಸ್ಟಾಪೋವರ್' ಅಂದರೆ ನಡುದಾರಿಯ ತಂಗುದಾಣ ಅಲ್ವಾ? ಯಾವುದು ತಂಗುದಾಣ, ಯಾವುದು ಊರು ಅಂತ ಕಲ್ಲನ್ನೇ ಕೇಳಬೇಕು.

ಮೂರ್ಕಾಸು, ತುಮಕೂರು

ಮೇಡಂಗೆ ಸಾಣೆಕಲ್ಲು ಸಿಕ್ಕಿತಾ ಅಂತ ಕಾಯ್ತಾ ಇದ್ದೀವಿ, ನೀವು 300 ಕೋಟಿ ವರ್ಷದ ಲೆಕ್ಕ ಹೇಳ್ತಿದ್ದೀರಲ್ಲ ಸ್ವಾಮಿ.

ಕರಿಬೇವು, ಬೆಂಗಳೂರು

ಹೋಗಿದ್ದೆ. ಅಂಗಡಿಯವರು ಒಳ್ಳೆಯವರು, ಹಿಂದೆ ಗುಡ್ಡೆ ಹಾಕಿದ್ದನ್ನೆಲ್ಲ ನೋಡಿ ಅಂದರು. ಎರಡು ಗಂಟೆ ಕೆದಕಿದೆ. ಮೂರು ಸಾಣೆಕಲ್ಲು ಸಿಕ್ಕವು. ಮೂರರಲ್ಲಿ ಅಮ್ಮನದು ಇದೆಯಾ ಅಂತ ನನಗೆ ಗುರುತು ಹಿಡಿಯೋಕಾಗಲಿಲ್ಲ. ಮೂರನ್ನೂ ಇಪ್ಪತ್ತು ರೂಪಾಯಿ ಕೊಟ್ಟು ತಂದೆ.

ತಂಗಿ ಮನೆಯ ಊಟದ ಟೇಬಲ್ ಮೇಲೆ ಪೇಪರ್ ಹಾಸಿ ಸಾಲಾಗಿ ಇಟ್ಟೆ. ಎದುರಿಗೆ ಅಮ್ಮ. ನಡೆದದ್ದನ್ನೂ ಹೇಳಿದೆ. ಬಯ್ಯಲಿಲ್ಲ. ಒಂದೊಂದನ್ನೂ ಎತ್ತಿ, ಮೂಗಿನ ಹತ್ತಿರ ತಂದು ವಾಸನೆ ನೋಡಿದಳು. ಮೂರೂ ಅಲ್ಲ ಅಂದಳು. ನಾನು ಎದ್ದು ಅವನ್ನು ಪೇಪರಿನಲ್ಲಿ ಸುತ್ತೋಕೆ ಹೋದರೆ ಕೈ ಅಡ್ಡ ಇಟ್ಟಳು. 'ಇರಲಿ ಬಿಡು. ಯಾರ ಮನೆ ಮಕ್ಕಳದ್ದೋ' ಅಂದಳು. ಈಗ ಮೂರೂ ತಂಗಿ ಮನೆ ದೇವರ ಗೂಡಿನಲ್ಲಿವೆ.

ದೊಡ್ಡ ಕಲ್ಲು ಇನ್ನೂ ಹೊಂಗೆಮರದ ಕೆಳಗೇ ಇದೆ. ಕಟ್ಟಡದ ಕೆಲಸಕ್ಕೆ ರಾಯಚೂರು ಕಡೆಯಿಂದ ಬಂದಿರುವ ಹೆಂಗಸರು ಅದರಲ್ಲಿ ನೀರು ತುಂಬಿಸಿ ಕೈ ತೊಳೆಯುತ್ತಿದ್ದಾರೆ. ನಿನ್ನೆ ಅವರಲ್ಲೊಬ್ಬಳು, 'ಅಕ್ಕಾರೆ, ಇದರ ಗುಂಡು ಐತೇನ್ರಿ? ಹಿಂಡಿ ಅರೀಬೇಕಿತ್ತು' ಅಂತ ಕೇಳಿದಳು. ಗುಂಡು ನಮ್ಮಲ್ಲಿಲ್ಲ. ಬಿಟ್ಟುಹೋಗಿ ಎಷ್ಟೋ ವರ್ಷವಾಯಿತು. ಬೆಂಗಳೂರಿನಲ್ಲಿ ಯಾರ ಹತ್ತಿರವಾದರೂ ಬಿಡಿ ಗುಂಡು ಇದ್ದರೆ ಹೇಳಿ.

ಕಲ್ಲುಸಕ್ಕರೆ, ಬೆಂಗಳೂರು

ನಮ್ಮ ಟೆರೇಸಿನಲ್ಲಿ ಒಂದಿದೆ, ನೀರಿನ ಟ್ಯಾಂಕಿನ ಮುಚ್ಚಳಕ್ಕೆ ಭಾರ ಇಟ್ಟಿದ್ದೀವಿ. ಗುಂಡಿಯ ಅಗಲ, ಆಳ ಎಷ್ಟಿದೆ ಅಳೆದು ಹೇಳಿ.

ಕರಿಬೇವು, ಬೆಂಗಳೂರು

ಟೇಪು ತಗೊಂಡು ಹೋಗ್ತಿದ್ದೀನಿ.